ಭಾವನ ಡಿಪ್ಲಾಯ್, ಅಮ್ಮನ ಧಾರೆ ಸೀರೆ

ನಮ್ಮ ಭಾವ ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದಾಗ ಒಂದು ಕಬ್ಬಿಣದ ಟ್ರಂಕನ್ನೂ ಒಂದು ಇಂಗ್ಲಿಷ್ ಕ್ರಿಯಾಪದವನ್ನೂ ಊರಿಗೆ ತಂದರು. ಟ್ರಂಕು ಅಗರದ ಅವರ ಮನೆಯ ಒಳಕೋಣೆ ಸೇರಿತು. ಕ್ರಿಯಾಪದ ಊರೆಲ್ಲ ಸುತ್ತಿತು. ಅದು ‘ಡಿಪ್ಲಾಯ್’. ಎಮ್ಮೆಯನ್ನು ಗದ್ದೆಗೆ ಹೊಡೆದರೆ ಡಿಪ್ಲಾಯ್, ಅಕ್ಕ ಮೋಟರ್ ಹಾಕಲು ಹೋದರೆ ಡಿಪ್ಲಾಯ್. ಕೊಳ್ಳೇಗಾಲದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಅನ್ನ ತಿನ್ನುವ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. ಆ ಪದದ ಹುಟ್ಟಿನಲ್ಲಿ ಬಂದೂಕಿಲ್ಲ, ಬೂಟಿಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಮಡಿಕೆ ಬಿಚ್ಚುವುದು ಎಂದರ್ಥ. ಫ್ರೆಂಚರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಬಂತು. ಒತ್ತಾಗಿ ನಡೆದುಬಂದ ದಂಡು ಮೈದಾನದಲ್ಲಿ ಅಗಲವಾಗಿ ಹರಡಿಕೊಳ್ಳುವುದಕ್ಕೆ ಆಮೇಲೆ ಅಂಟಿಕೊಂಡಿತು.

ಭಾವ ಕಾಫಿ ಲೋಟ ಕೆಳಗಿಟ್ಟರು. “ಮೇಷ್ಟ್ರೇ, ನೀವು ಡಿಕ್ಷನರಿ ಓದಿದ್ದೀರಿ. ನಾನು ಡಿಪ್ಲಾಯ್ ಆಗಿವ್ನಿ,” ಎಂದರು. ಅಲ್ಲಿಗೆ ನನ್ನ ಲ್ಯಾಟಿನ್ ಮುಗಿಯಿತು.

ಆ ಟ್ರಂಕಿನಲ್ಲಿ ನಮ್ಮಮ್ಮನ ಧಾರೆ ಸೀರೆ ಇತ್ತು. ಅಮ್ಮನ ಅಪ್ಪ ಕೊಳ್ಳೇಗಾಲದ ತಮ್ಮ ಮಗ್ಗದಲ್ಲಿ ಮಗಳಿಗೆಂದೇ ನೇಯ್ದದ್ದು. ಅರಿಶಿನ ಬಣ್ಣ, ಅಂಗೈ ಅಗಲದ ಜರಿ ಅಂಚು. ಅಕ್ಕನ ಮಗಳು ಅದನ್ನೇ ಉಟ್ಟು ಧಾರೆಗೆ ಕೂರಬೇಕೆಂಬುದು ಅಮ್ಮನ ಒಂದೇ ಆಸೆ. ನಮ್ಮ ಮನೆಯಲ್ಲಿ ಭದ್ರತೆ ಸಾಲದೆಂದು ಭಾವ ಅದನ್ನು ವಶಕ್ಕೆ ತೆಗೆದುಕೊಂಡಿದ್ದರು. ರೇಷ್ಮೆ ಸೀರೆಯನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹರವಿ, ಹಳೇ ಮಡಿಕೆ ತಪ್ಪಿಸಿ ಬೇರೆ ಮಡಿಕೆ ಹಾಕಬೇಕು. ಇದು ಕೊಳ್ಳೇಗಾಲದಲ್ಲಿ ಹಸುಗೂಸಿಗೂ ಗೊತ್ತು. ಪ್ರತಿ ದೀಪಾವಳಿಗೂ ಅಮ್ಮ, “ಸೀರೆಯ ಒಂದ್ಸಲ ಬಿಚ್ಚಿ ಮಡಿಸ್ಬುಡವಾ ಅಳಿಯಂದ್ರೇ?” ಎಂದು ಕೇಳುವರು. “ಸೇಫ್ ಆಗದೆ ಅತ್ತೆ, ಅಲ್ಲಾಡಿಸ್ಬ್ಯಾಡಿ,” ಎಂದು ಭಾವ ಉತ್ತರಿಸುವರು. ಬೀಗದ ಕೈ ಅವರ ಉಡಿದಾರದಲ್ಲಿತ್ತು. ಅಳಿಯನ ಜೊತೆ ಜಗಳ ಯಾಕೆಂದು ಎಲ್ಲರೂ ಸುಮ್ಮನಿದ್ದರು.

ಅಕ್ಕನ ಮಗಳ ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ಭಾವ ನೆಂಟರನ್ನೆಲ್ಲ ಡಿಪ್ಲಾಯ್ ಮಾಡಿದರು. ಚಿಕ್ಕಪ್ಪನ ಮಗ ಕುಂತೂರಿನ ಹತ್ತಿರ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಗಂಡಿನ ಕಡೆಯವರ ಬಸ್ಸಿಗೆ ದಾರಿ ಬಿಡಿಸಲು. ಸೋದರಮಾವ ಚಪ್ಪಲಿ ಕಾವಲಿಗೆ. ಲ್ಯಾಟಿನ್ ಬಲ್ಲ ನಾನು ಪಾಯಸದ ಕೊಳಗದ ಬಳಿ. “ಪೋಸ್ಟ್ ಬುಟ್ಟು ಕದಲಬ್ಯಾಡಿ,” ಎಂದು ಅಪ್ಪಣೆಯಾಗಿತ್ತು. ಬಸ್ಸು ಬಂದಾಗ ಒಬ್ಬರೂ ಕದಲಲಿಲ್ಲ. ಬೀಗರ ಕಾಲಿಗೆ ನೀರು ಕೊಡಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅಡುಗೆಯವರೇ ಓಡಿಬಂದು ಕೊಟ್ಟರು.

ಮುಹೂರ್ತಕ್ಕೆ ಮುಂಚೆ ಭಾವ ಟ್ರಂಕನ್ನು ಹೆಣ್ಣಿನ ಕೋಣೆಗೆ ತರಿಸಿ ಬೀಗ ತೆಗೆದರು. ಸೀರೆ ಈಗಷ್ಟೇ ಮಗ್ಗದಿಂದ ಇಳಿದಂತೆ ಹೊಳೆಯುತ್ತಿತ್ತು. ಅಮ್ಮ ಎರಡೂ ಕೈಯಲ್ಲಿ ಎತ್ತಿ ಸೆರಗು ಬಿಚ್ಚಿದರು. ಮಡಿಕೆ ಇದ್ದಲ್ಲೆಲ್ಲ ರೇಷ್ಮೆ ಒಣಗಿದ ಬಾಳೆ ಎಲೆಯ ಹಾಗೆ ಸೀಳಿತು. ತುಂಡು ತುಂಡಾಗಿ ಅಮ್ಮನ ಮಡಿಲಿಗೆ ಬಿತ್ತು.

ಲ್ಯಾಟಿನ್ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಮ್ಮ ಭಾವನ ಕಡೆ ನೋಡಿ, “ಕಳ್ಳ ಬರ್ನಿಲ್ಲ ಬುಡಿ. ಚೆನ್ನಾಗ್ ಕಾದ್ರಿ,” ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದನ್ನೇ ಭಾವನಿಗೆ ತಡೆದುಕೊಳ್ಳಲಾಗಲಿಲ್ಲ. ಮೊದಲ ಸಲ ತಮ್ಮ ಪೋಸ್ಟು ಬಿಟ್ಟು ಹೊರಗೆ ಹೋದರು.

ಹುಡುಗಿ ಅಂಗಡಿಯಿಂದ ತಂದಿದ್ದ ಸೀರೆ ಉಟ್ಟು ಧಾರೆಗೆ ಕೂತಳು. ಗಟ್ಟಿ ಉಳಿದಿದ್ದ ಒಂದು ಗೇಣು ಜರಿಯನ್ನು ಅಮ್ಮ ಅವಳ ಸೆರಗಿನ ಒಳಗಡೆ ಹೊಲಿದಿದ್ದರು.

ಹುಡುಗಿ ತವರಿನಲ್ಲೇ ಬಿಟ್ಟುಹೋದ ಆ ಹೊಸ ಸೀರೆ ಈಗ ಭಾವನ ಮನೆಯ ಬೀಗವಿಲ್ಲದ ಬೀರುವಿನಲ್ಲಿದೆ. ದೀಪಾವಳಿ ಕಳೆದ ಮೇಲೆ ಭಾವ ತಾವಾಗಿಯೇ ತೆಗೆದು ಪಡಸಾಲೆಗೆ ತರುತ್ತಾರೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಅಮ್ಮನ ಕೈಯಲ್ಲಿ. “ಸಡ್ಲ ಬುಡಿ, ಇತ್ಲಾಗ್ ಬನ್ನಿ, ಆ ಮಡ್ಕೆ ಬ್ಯಾಡ,” ಎಂದು ಅಮ್ಮ ಹೇಳಿದಂತೆ ಹವಾಲ್ದಾರರು ಹೆಜ್ಜೆ ಹಾಕುತ್ತಾರೆ. ಕಳೆದ ಸಲ ಅಮ್ಮನ ಕೈಯಿಂದ ತುದಿ ಜಾರಿತು. ಭಾವ ಅದನ್ನು ಎತ್ತಿ ನನಗೆ ಕೊಟ್ಟು, “ನೀವ್ ಕೂತ್ಕಳಿ ಅತ್ತೆ, ಯೋಳಿ ಸಾಕು,” ಎಂದರು.

ಆ ಮದುವೆಯ ಮೇಲೆ ಅವರ ಬಾಯಲ್ಲಿ ಡಿಪ್ಲಾಯ್ ಎಂಬ ಮಾತನ್ನು ನಾನು ಕೇಳಿಲ್ಲ. ಸೀರೆಯ ಮಡಿಕೆ ಬಿಚ್ಚುವಾಗ ಒಮ್ಮೆಯಾದರೂ ಅನ್ನಬಾರದೇ ಎಂದು ಈಗ ನನಗೇ ಅನ್ನಿಸುತ್ತದೆ.