ಹುಡುಕು, ತೋರಿಸು, ಆಮೇಲೆ ಅಳಿಸು

ನಮ್ಮ ಮನೆಯಲ್ಲಿ ಬರಿಯ ಹುಡುಕುವ ಕೆಲಸವನ್ನು ಯಾರಿಗೂ ಹೇಳುವ ಪದ್ಧತಿಯಿಲ್ಲ. "ಮುಚ್ಚಳ ಇಲ್ಲದ ಡಬ್ಬಿಗಳನ್ನೆಲ್ಲ ಹುಡುಕಿ, ಸಿಕ್ಕಿದ ಹಾಗೇ ಎಸೆದುಬಿಡಿ" ಎಂದು ನನ್ನ ಹೆಂಡತಿ ಶಾಸನ ಹೊರಡಿಸುತ್ತಾಳೆ. ಶೋಧನೆಯೂ ಸಂಹಾರವೂ ಒಂದೇ ವಾಕ್ಯದಲ್ಲಿ. ಕಚೇರಿಯಲ್ಲಿ ಹೊಟ್ಟೆಪಾಡಿಗೆ ನಾನು ಮಾಡುವುದೂ ಇದನ್ನೇ ಎಂದು ತಿಳಿದರೆ, ನನ್ನ ವಿದ್ಯೆಯ ಮೇಲೆ ಅವಳಿಗೆ ಉಳಿದಿರುವ ಅಲ್ಪಸ್ವಲ್ಪ ಗೌರವವೂ ಹೋದೀತು.

ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕಪ್ಪು ಪರದೆಯ ಮೇಲೆ 'ಫೈಂಡ್' ಎಂದು ಬರೆದು, ಬೇಕಾದ ಫೈಲುಗಳ ಲಕ್ಷಣ ಹೇಳಿ, ಬಾಲದಲ್ಲಿ ಅವುಗಳಿಗೇನು ಮಾಡಬೇಕೆಂದು ಸೇರಿಸಿದರೆ ಸಾಕು; ಅದು ಮೂಲೆಮೂಲೆ ಜಾಲಾಡಿ, ಸಿಕ್ಕಿದ ಒಂದೊಂದರ ಮೇಲೂ ಅಪ್ಪಣೆಯನ್ನು ನೆರವೇರಿಸುತ್ತದೆ. ಹೆಂಡತಿಯ ಅಪ್ಪಣೆಗೆ ನಾನು ಗೊಣಗುವಂತೆ ಅದು ಗೊಣಗುವುದಿಲ್ಲ. ಅಳಿಸು ಎಂದರೆ ಅಳಿಸುತ್ತದೆ, ನಿಜವಾಗಲೂ ಅಳಿಸಲೇ ಎಂದು ಕೇಳುವ ದಾಕ್ಷಿಣ್ಯವೂ ಅದಕ್ಕಿಲ್ಲ. ಆದ್ದರಿಂದ ನಮ್ಮಂಥ ಅಂಜುಬುರುಕರು ಒಂದು ಆಚಾರವನ್ನು ಪಾಲಿಸುತ್ತೇವೆ: ಮೊದಲು ಬಾಲವನ್ನು ಕಿತ್ತು, ಸಿಕ್ಕಿದವುಗಳ ಹೆಸರನ್ನಷ್ಟೇ ತೋರಿಸೆನ್ನುವುದು. ಊಟಕ್ಕೆ ಮುಂಚೆ ಎಲೆಯ ಸುತ್ತ ನೀರು ಕಟ್ಟಿದ ಹಾಗೆ. ಬಿಟ್ಟರೆ ಕೇಳುವವರಿಲ್ಲ, ಆದರೂ ಕೈ ಬಿಡುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ತಮಿಳು ಸೀಮೆಯ ವೇಲಚೇರಿಯಲ್ಲಿರುವ ನಮ್ಮ ಫ್ಲ್ಯಾಟಿನ ಕಂಪ್ಯೂಟರು ಜಾಗವಿಲ್ಲವೆಂದು ಮುಷ್ಕರ ಹೂಡಿತು. ಎಲ್ಲರ ಫೋನುಗಳಿಂದ ಬಂದು ಬಿದ್ದ ಧ್ವನಿಸಂದೇಶಗಳೇ ಅದರ ಹೊಟ್ಟೆ ಉಬ್ಬಿಸಿದ್ದವು. ಅವುಗಳಲ್ಲಿ ನನಗೆ ಬೇಕಾದದ್ದು ಹೋದ ವರ್ಷ ತೀರಿಕೊಂಡ ಅಮ್ಮನ ಧ್ವನಿ ಮಾತ್ರ. ಮಗಳು ಅದನ್ನು ಆಗಾಗ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಎಲ್ಲಕ್ಕೂ 'ಅಜ್ಜಿ' ಎಂದೇ ಹೆಸರು ಹಾಕೆಂದು ನಾನೇ ಹೇಳಿದ್ದೆ. ಹಾಗಾಗಿ, ಹೆಸರಿನಲ್ಲಿ 'ಅಜ್ಜಿ' ಇಲ್ಲದ ಧ್ವನಿಗಳನ್ನೆಲ್ಲ ಹುಡುಕಿ ಅಳಿಸೆಂದು ಬರೆದು, ಕಾಫಿ ಆರಿಹೋಗುವ ಅವಸರದಲ್ಲಿ ಎಂಟರ್ ಕೀಲಿಯ ಮೇಲೆ ಬೆರಳಿಟ್ಟೆ. ಇಟ್ಟ ಬೆರಳನ್ನು ಹಳೆಯ ಆಚಾರವೇ ಹಿಂದಕ್ಕೆಳೆಯಿತು. ಬಾಲ ಕಿತ್ತು, ಹೆಸರು ತೋರಿಸೆಂದೆ.

ಸಾಯಬೇಕಾದವರ ಸಾಲಿನಲ್ಲಿ 'ಪಾಟ್ಟಿ ಪಾಯಸಂ' ಬಂತು. ಅದರ ಹಿಂದೆಯೇ 'ಪಾಟ್ಟಿ ಪೂಕ್ಕಾರಿ'. ಮಗಳನ್ನು ಕೂಗಿ, "ಅಜ್ಜಿ ಅಂತ ಹಾಕು ಅಂದಿದ್ನಲ್ಲೇ?" ಎಂದರೆ, ಅವಳು ತಲೆಯೆತ್ತದೆ, "ಅಜ್ಜಿನ್ನಾ ಪಾಟ್ಟಿ ತಾನೇಪ್ಪಾ?" ಎಂದಳು. ಅಜ್ಜಿಯನ್ನು ತಮಿಳರು ಪಾಟ್ಟಿ ಎನ್ನುವುದು ಈ ಊರಿನಲ್ಲಿ ಇಷ್ಟು ಕಾಲ ಉಪ್ಪು ತಿಂದ ನನಗೆ ಗೊತ್ತಿಲ್ಲದ್ದೇನಲ್ಲ. ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಅವಳ ನಾಲಗೆಯ ಪರಿಚಯವೂ ಇತ್ತು. ಅವಳ ಬೆರಳುಗಳೂ ಹಾಗೆಯೇ ಎಂದು ಮಾತ್ರ ಹೊಳೆದಿರಲಿಲ್ಲ.

ನಂಬಿಕೆಯಾಗದೆ ಆ 'ಪೂಕ್ಕಾರಿ'ಯನ್ನೇ ಹಾಕಿ ಕೇಳಿದೆ. ಬಾಗಿಲಲ್ಲಿ ನಿಂತ ಹೂವಿನವಳನ್ನು ಅಮ್ಮ ಗದರಿಸುತ್ತಿದ್ದಳು: "ನಿನ್ ಮೊಳ ಬೇಡಮ್ಮಾ, ನನ್ ಮೊಳದಲ್ಲೇ ಅಳಂದು ಕುಡು." ಮೈಸೂರು ಸೀಮೆಯಿಂದ ಬಂದ ನನ್ನ ತಾಯಿಯೇ ಅರ್ಧ ತಮಿಳಾಗಿದ್ದಳು; ಮೊಮ್ಮಗಳನ್ನು ಬೈಯಲು ನಾನು ಯಾರು? ಹೋದ ಜೀವ ಬಂದಂತಾಗಿ, ತಣ್ಣಗಾದ ಕಾಫಿಯನ್ನು ಅಮೃತದಂತೆ ಕುಡಿದೆ.

ಮಧ್ಯಾಹ್ನ ಡಬ್ಬಿಗಳ ಶಾಸನ ಮತ್ತೆ ಹೊರಟಿತು. ಈ ಸಲ ಮುಚ್ಚಳವಿಲ್ಲದವನ್ನೆಲ್ಲ ಹುಡುಕಿ, ಎಸೆಯದೆ, ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಹೆಂಡತಿಯನ್ನು ಕರೆದೆ. "ಎಸೆಯೋಕೂ ಮುಹೂರ್ತ ನೋಡ್ತೀರಲ್ಲ" ಎಂದು ನಕ್ಕವಳು ಸಾಲಿನ ಮೇಲೆ ಕಣ್ಣಾಡಿಸಿ, ಪುಟ್ಟದೊಂದನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು.

"ಇದು ಅತ್ತೆಯವರ ಇಂಗಿನ ಡಬ್ಬಿ" ಎಂದಳು. "ಮುಚ್ಚಳ ಇಲ್ದಿದ್ರೂ ಇರ್ಲಿ."