ಟಿಕಿಟಿಕಿ ಎನ್ನುವ ಕಾರು

ನೀರುದೋಸೆಯ ಹಿಟ್ಟು ಕಾವಲಿಗೆ ಬಿದ್ದಾಗ ಚುಂಯ್ ಎನ್ನಬೇಕು. ಆ ಸದ್ದು ಸರಿಯಾಗಿ ಬಂದರೆ ದೋಸೆಯಲ್ಲಿ ತೂತೂ ಸರಿಯಾಗಿ ಬೀಳುತ್ತದೆ. ಇವತ್ತು ಬೆಳಿಗ್ಗೆ ಒಂದು ಕಿವಿಯನ್ನು ಕಾವಲಿಗೆ ಕೊಟ್ಟು, ಇನ್ನೊಂದನ್ನು ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡುತ್ತಿದ್ದ ಯಜಮಾನರಿಗೆ ಕೊಟ್ಟಿದ್ದೆ. ಅವರು ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾರೆ. ಹೀಗೆ ಬಂದವರಿಗೆ ಮೊದಲ ವಾರ ಮನೆಯಲ್ಲಿ ಎಲ್ಲವೂ ಚಂದ. ಎರಡನೆಯ ವಾರದಿಂದ ಎಲ್ಲದರಲ್ಲೂ ರಿಪೇರಿ ಕಾಣಿಸುತ್ತದೆ.

“ಎಂತ ಇದು, ಟಿಕಿಟಿಕಿ ಟಿಕಿಟಿಕಿ?” ಎನ್ನುತ್ತಲೇ ಒಳಗೆ ಬಂದರು. “ಸಾಕು ಈ ಡಬ್ಬ. ಎಕ್ಸ್‌ಚೇಂಜಿಗೆ ಕೊಟ್ಟು ದೊಡ್ಡದು ತೆಗೊಳ್ಳುವ. ಸಂಜೆ ನೋಡ್ಲಿಕ್ಕೆ ಜನ ಬರ್ತಾರೆ.”

“ಯಾವ ಟಿಕಿಟಿಕಿ?” ಎಂದೆ. ನಿಜಕ್ಕೂ ನನಗೆ ಕೇಳಿಸಿರಲಿಲ್ಲ.

ದೊಡ್ಡ ಗಾಡಿ ನಮ್ಮ ಪಡೀಲಿನ ಓಣಿಯಲ್ಲಿ ತಿರುಗುವುದಿಲ್ಲ. ತಿರುಗಿದರೂ ತಿರುಗಿಸುವ ಧೈರ್ಯ ನನಗಿಲ್ಲ. ಅವರು ವಿಮಾನ ಹತ್ತಿದ ಮೇಲೆ ಅದು ಬಟ್ಟೆ ಹೊದ್ದುಕೊಂಡು ಅಂಗಳದಲ್ಲಿ ನಿಂತಿರುತ್ತದೆ, ನಾನು ಬಸ್‌ಸ್ಟಾಪಿನಲ್ಲಿ. ಈ ಪುಟ್ಟ ಕಾರು ಹೋದರೆ ನನ್ನ ತಿರುಗಾಟವೂ ಹೋದ ಹಾಗೆ. ಆದ್ದರಿಂದ ದೋಸೆ ಬಡಿಸುತ್ತಾ, “ಸಂಜೆಯೊಳಗೆ ಸದ್ದು ಹುಡುಕಿ ಕೊಟ್ಟರೆ ಕಾರು ಇಟ್ಟುಕೊಳ್ಳುವುದಾ?” ಎಂದು ಕೇಳಿದೆ. ಅವರು ನಕ್ಕರು. “ಆಯ್ತು ಮಾರಾಯ್ತಿ, ಹುಡುಕು.”

ಆ ನಗು ನನಗೆ ಹಿಡಿಸಲಿಲ್ಲ. ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, “ನೀನು ತುಟಿ ಮಾತ್ರ ಆಡಿಸು, ಡಿಯರ್” ಎಂದಿದ್ದರು. ಹಾಡಿನ ಕಿವಿ ನನಗಿಲ್ಲ, ಒಪ್ಪುತ್ತೇನೆ. ಆದರೆ ಕಾರಿನ ಸದ್ದು ಬೇರೆ ಸಂಗೀತ. ಅದನ್ನು ಕಲಿತದ್ದು ಪಕ್ಕದ ಮನೆಯ ಜೈನಬಕ್ಕನ ಜೊತೆಯಲ್ಲಿ. ಅವರ ಗಂಡನೂ ಗಲ್ಫಿನಲ್ಲಿ. ವರ್ಷಗಳ ಹಿಂದೆ ನಾವಿಬ್ಬರೂ ಒಟ್ಟಿಗೇ ಡ್ರೈವಿಂಗ್ ಕಲಿತೆವು. ಕಾರು ಏನೋ ಸದ್ದು ಮಾಡುತ್ತದೆ ಎಂದರೆ ಗಂಡಂದಿರು ಫೋನಿನಲ್ಲಿ, “ಎಂತ ಸದ್ದು? ಮಾಡಿ ತೋರಿಸು” ಎನ್ನುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಗೊರ್ರ್ ಎಂದರೆ ಆ ಕಡೆಯಿಂದ ನಗು ಬಿಟ್ಟು ಬೇರೆ ಉತ್ತರವಿಲ್ಲ. ಕೊನೆಗೆ ನಾವೇ ಒಂದು ಕ್ರಮ ಮಾಡಿಕೊಂಡೆವು. ಒಬ್ಬರು ಓಡಿಸುವುದು, ಒಬ್ಬರು ಕಣ್ಣು ಮುಚ್ಚಿ ಕೇಳುವುದು. ರೇಡಿಯೋ ಬಂದ್, ಮಾತು ಬಂದ್, ಗಾಜು ಕೆಳಗೆ.

“ಗೋಡೆಯ ಹತ್ತಿರ ಹೋಗುವ,” ಎನ್ನುತ್ತಿದ್ದರು ಜೈನಬಕ್ಕ. “ಬಯಲಲ್ಲಿ ಸದ್ದು ಓಡಿ ಹೋಗ್ತದೆ. ಗೋಡೆ ಆದ್ರೆ ಹಿಡಿದು ವಾಪಸ್ ಕೊಡ್ತದೆ.”

ಒಮ್ಮೆ ತೊಕ್ಕೊಟ್ಟಿಗೆ ಹೊರಟಾಗ ನೇತ್ರಾವತಿ ಸೇತುವೆಯ ಪ್ರತಿ ಜಾಯಿಂಟಿಗೂ ಕಾರು ಕಟ್ ಎನ್ನತೊಡಗಿತು. ಚಕ್ರ ಕಳಚಿ ಹೊಳೆಗೆ ಬೀಳುತ್ತದೆಂದು ನಾನು ದೇವರನ್ನು ಕರೆದೆ, ಅವರು ಅವರ ದೇವರನ್ನು ಕರೆದರು. ಸೇತುವೆ ದಾಟಿ ನಿಲ್ಲಿಸಿ ನೋಡಿದರೆ ಹಿಂದಿನ ಸೀಟಿನಡಿಯಲ್ಲಿ ಒಂದು ಸ್ಟೀಲ್ ಮುಚ್ಚಳ. ಹಿಂದೊಮ್ಮೆ ನನಗೆಂದು ಅಕ್ಕಿರೊಟ್ಟಿಯಂಥ ಪತ್ತಿರಿ ತಂದಿದ್ದ ಜೈನಬಕ್ಕನದೇ ಪಾತ್ರೆಯದ್ದು. “ಅಲ್ಲಾ, ಇದು ಕಾಣೆಯಾದದ್ದಕ್ಕೆ ನಾನು ನಾದಿನಿಯ ಮೇಲೆ ಡೌಟ್ ಮಾಡಿದ್ದೆ!” ಎಂದು ಅವರು ನಗಲಿಕ್ಕೆ ಶುರು ಮಾಡಿದವರು ಮೀನು ಮಾರ್ಕೆಟ್ಟಿನವರೆಗೂ ನಿಲ್ಲಿಸಲಿಲ್ಲ.

ಇವತ್ತು ಕೇಳುವ ಸೀಟಿನಲ್ಲಿ ಯಜಮಾನರು ಕುಳಿತರು. ನಮ್ಮ ಓಣಿಯ ಉದ್ದನೆಯ ಕಾಂಪೌಂಡ್ ಗೋಡೆಗೆ ತಾಗಿಸಿದ ಹಾಗೆ ಕಾರು ಬಿಟ್ಟೆ.

“ಗೋಡೆಗೆ ಒರೆಸ್ತೀಯಾ ಎಂತ?”

“ಮಾತಾಡ್ಬೇಡಿ. ಕೇಳಿ.”

ಗೋಡೆ ಏನನ್ನೂ ವಾಪಸ್ ಕೊಡಲಿಲ್ಲ, ಅಂದರೆ ಸದ್ದು ಚಕ್ರದ್ದಲ್ಲ. ವಾಮಂಜೂರಿನ ದಾರಿಯಲ್ಲಿ ನ್ಯೂಟ್ರಲ್ ಮಾಡಿ ಎಂಜಿನನ್ನು ಮೆಲ್ಲಗೆ ಏರಿಸಿದೆ, ಇಳಿಸಿದೆ. ಟಿಕಿಟಿಕಿ ಅದರ ಜೊತೆ ಏರಲೂ ಇಲ್ಲ, ಇಳಿಯಲೂ ಇಲ್ಲ ಎಂದರು ಯಜಮಾನರು. ಎಂಜಿನಿನದ್ದೂ ಅಲ್ಲ. ಕೊನೆಗೆ ಎ.ಸಿ.ಯ ಫ್ಯಾನ್ ನಿಲ್ಲಿಸಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಟಿಕಿಟಿಕಿ ನಿಂತಿತ್ತು. ತಿಂಗಳುಗಟ್ಟಲೆ ನನ್ನ ಜೊತೆ ಸುತ್ತಿದ್ದ ಸದ್ದು ಅದು. ನಿಂತಾಗಲೇ ನನಗೆ ಕೇಳಿಸಿದ್ದು.

ಗದ್ದೆಯ ಬದಿಯಲ್ಲಿ ನಿಲ್ಲಿಸಿದೆವು. ಅವರು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಬಿಚ್ಚಿ, ಅದರ ಹಿಂದಿನ ಫ್ಯಾನಿಗೆ ಕೈ ಹಾಕಿದರು. ಹೊರಗೆ ಬಂದದ್ದು ಒಣಗಿ ಕಡ್ಡಿಯಾದ ಒಂದು ಎಳೆ, ಕಾಳಿನಂಥ ಮೊಗ್ಗುಗಳು.

“ಪಿಂಗಾರ!” ಎಂದರು.

ಹೌದು, ಅಡಿಕೆಯ ಹೂವೇ. ಕಳೆದ ರಜೆಯಲ್ಲಿ ಅವರೇ ಹಟ ಹಿಡಿದು ಕಾರಿಗೆ ಪೂಜೆ ಮಾಡಿಸಿದ್ದರು. ಪ್ರಸಾದದ ಪಿಂಗಾರವನ್ನು ವೈಪರಿನ ಬುಡದ ಜಾಲರಿಗೆ ಸಿಕ್ಕಿಸಿದ್ದೂ ಅವರೇ. ಪ್ರಸಾದವನ್ನು ತೆಗೆದು ಎಸೆಯುವ ಕ್ರಮ ನಮ್ಮಲ್ಲಿಲ್ಲ. ಅದು ಅಲ್ಲೇ ಒಣಗಿ, ಉದುರಿ, ಜಾಲರಿಯೊಳಗೆ ಇಳಿದು, ಇಷ್ಟು ದಿನ ಫ್ಯಾನಿನೊಳಗೆ ಪ್ರದಕ್ಷಿಣೆ ಹಾಕುತ್ತಿತ್ತು.

“ಕಾರು ಕಾಪಾಡ್ಲಿ ಅಂತ ಇಟ್ಟದ್ದು,” ಎಂದರು, ಸ್ವಲ್ಪ ಸಣ್ಣ ಸ್ವರದಲ್ಲಿ.

“ಕಾಪಾಡಿತಲ್ಲ!”

ಈಗಲೂ ಅದನ್ನು ಗದ್ದೆಗೆ ಎಸೆಯಲು ಇಬ್ಬರಿಗೂ ಕೈ ಬರಲಿಲ್ಲ. ಅವರ ಕರ್ಚೀಫಿನಲ್ಲಿ ಕಟ್ಟಿ ತಂದು ತುಳಸಿಯ ಬುಡಕ್ಕೆ ಹಾಕಿದೆವು. ಕಾರು ನೋಡಲು ಬರುವವರಿಗೆ ಫೋನ್ ಮಾಡಿ ಬೇಡವೆಂದು ಹೇಳಿದ್ದೂ ಅವರೇ. “ಮನೆಯವಳೇ ಮೆಕ್ಯಾನಿಕ್, ಎಂತ ಮಾಡುವುದು,” ಎನ್ನುವುದು ಒಳಗಿನವರೆಗೆ ಕೇಳಿಸಿತು.

ಸಂಜೆ ಒಬ್ಬಳೇ ತರಕಾರಿಗೆ ಹೋಗಿ ಬಂದೆ. ಬೆಣ್ಣೆಯ ಹಾಗೆ ಬಂತು ಕಾರು. ಗೇಟು ಹಾಕುವಾಗ ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಜೈನಬಕ್ಕ ಬೆಚ್ಚಿ ತಿರುಗಿದರು. ಕಾರು ಉಳಿದ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಹೊಗಳಿಕೆಗಾಗಿ ಕಾದು ನಿಂತೆ.

“ಅಷ್ಟು ದಿನದಿಂದ ನಿಂಗೆ ಕೇಳಿರ್ಲಿಲ್ವಾ?” ಎನ್ನುತ್ತಾ ಅವರು ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿದರು. “ಓಣಿಯ ತಿರುವಲ್ಲಿ ಆ ಟಿಕಿಟಿಕಿ ಕೇಳಿದ ಮೇಲೇ ನಾನು ನಮ್ಮಿಬ್ಬರ ಚಾಯಕ್ಕೆ ನೀರಿಡುವುದು. ಇನ್ನು ಹಾರ್ನ್ ಹೊಡಿ, ಆಯ್ತಾ?”