ಪಾಷಾನ ಪುಸ್ತಕ ಮತ್ತು ನನ್ನ ಮೂಗರ್ಜಿ

ಆ ಮೂಗರ್ಜಿ ಬರೆದವನು ನಾನೇ, ಅಪ್ಪಾಸಾಹೇಬ ಸರ್. ನಿಮ್ಮ ಭಾವಮೈದುನ ಸಂಜಯ ಅಲ್ಲ. ಶೇಡಬಾಳದ ಶಾಲೆಯ ಸ್ಟಾಫ್ ರೂಮಿನಲ್ಲಿ ಹದಿನೆಂಟು ವರ್ಷ ನಿಮ್ಮ ಪಕ್ಕ ಕೂತು, ನಿಮ್ಮ ಮನೆಯವರು, ನನ್ನ ಪಾಲಿನ ವೈನಿ, ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂದ ನಾನು — ಉಂಡ ಮನೆಗೆ ಎರಡು ಬಗೆದೆ.

ನಿಮಗೆ ಟರ್ಕಿಯ ಆ ಪಾಷಾನ ಹುಚ್ಚು. ಸುಲ್ತಾನನ ಅನುವಾದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಯುರೋಪಿನಲ್ಲಿ ರಾಯಭಾರಿಯಾಗಿ, ಕೊನೆಗೆ ಮಂತ್ರಿಯಾಗಿ, ಮುಳುಗುತ್ತಿದ್ದ ಸಾಮ್ರಾಜ್ಯವನ್ನು ಬರೀ ಮಾತಿನ ಬಲದಿಂದ ಎತ್ತಿಹಿಡಿದವನು ಎನ್ನುತ್ತಿದ್ದಿರಿ. ಅವನ ಚರಿತ್ರೆ ಬರೆಯಲೆಂದು ಆರೋಗ್ಯದ ನೆಪದಲ್ಲಿ ರಜೆ ಹಾಕಿ, ಮುಂಬೈಯ ಗ್ರಂಥಾಲಯದಲ್ಲಿ ಹದಿನೈದು ದಿನ ಕೂತಿರಿ. ಅದು ಗೊತ್ತಿದ್ದದ್ದು ನಿಮ್ಮ ಮನೆಯ ಹೊರಗೆ ಇಬ್ಬರಿಗೇ — ನನಗೆ, ಮತ್ತು ಮರಾಠಿ ಶಾಲೆಯಲ್ಲಿ ಕಲಿತ ನಿಪ್ಪಾಣಿಯ ಸಂಜಯನಿಗೆ.

ಮುಖ್ಯಾಧ್ಯಾಪಕರ ಹುದ್ದೆಗೆ ಸರದಿಯಲ್ಲಿ ಮೊದಲು ನೀವು, ನಂತರ ನಾನು. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಯಾಕೆ ಕೊಡಲಿ? ಸುಳ್ಳು ರಜೆಯ ಸಂಗತಿಯನ್ನು ಆಡಳಿತ ಮಂಡಳಿಗೆ ಬರೆದೆ. ಕನ್ನಡ ಮಾಸ್ತರನಾದ ನನ್ನ ಮೇಲೆ ಸಂಶಯ ಬರಬಾರದೆಂದು ಮರಾಠಿಯಲ್ಲಿ ಬರೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ... ಇಲ್ಲ, ನಿಲ್ಲಿಸಲಿಲ್ಲ. ಹುದ್ದೆ ತಪ್ಪಿದ ದಿನ ನೀವು ಮಂಡಳಿ ಕೊಟ್ಟ ಆ ಪತ್ರದ ನಕಲು ಹಿಡಿದು ನನ್ನ ಮನೆಗೇ ಬಂದಿರಿ. ಪಾಷಾನನ್ನೂ ಗಡೀಪಾರು ಮಾಡಿಸಿದ್ದು ಅವನ ಸ್ವಂತ ಕಾರ್ಯದರ್ಶಿಯ ಗುಟ್ಟಿನ ಪತ್ರವೇ ಎಂದಿರಿ. ಆಗ ನಾನು ಆಡಿದ ಮಾತು —

“ಮರಾಠಿ ಐತಲ್ರಿ ಸರ... ನಿಪ್ಪಾಣಿ ಕಡೀದ ಇರಬೇಕು.”

“ನೀ ಅಂತಿ ಅಂದ್ರ ಖರೇನ ಇರ್ತೈತಿ,” ಅಂದಿರಿ.

ಹುದ್ದೆ ನನಗೆ ಬಂತು. ವೈನಿಗೆ ತವರು ತಪ್ಪಿತು. ಏಳು ವರ್ಷದಿಂದ ನಾಗಪಂಚಮಿಗೆ ಸಂಜಯ ಅಕ್ಕನನ್ನು ಕರೆಯಲು ಬರುತ್ತಾನೆ, ನೀವು ಬಾಗಿಲಿನಿಂದಲೇ ಕಳಿಸುತ್ತೀರಿ. ಒಂದು ಸಲ ಅವನು ಬಂದಾಗ ನಾನು ನಿಮ್ಮ ಒಳಮನೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಇನ್ನೊಂದು ಕಪ್ ಕೊಟ್ಟರು. ಕುಡಿದೆ.

ಮೊನ್ನೆ ಪುಸ್ತಕದ ಕರಡು ತಿದ್ದಲು ಕೊಟ್ಟಿರಿ. ಮನೆಯವರೇ ದ್ರೋಹ ಮಾಡಿದಾಗ ಜೊತೆಗೆ ನಿಂತ ಒಬ್ಬನೇ ಗೆಳೆಯ ಎಂದು ಮುನ್ನುಡಿಯಲ್ಲಿ ನನ್ನ ಹೆಸರಿದೆ. ಆ ಸಾಲು ಹೊಡೆದುಹಾಕಿದ್ದೇನೆ.

ಕ್ಷಮೆ ಕೇಳುತ್ತಿಲ್ಲ — ಯಾವ ಮುಖ ಹೊತ್ತು ಕೇಳಲಿ? ನಾಳೆ ನಿಪ್ಪಾಣಿಗೆ ಹೋಗಿ ಸಂಜಯನ ಎದುರು ಇದನ್ನೇ ಹೇಳುತ್ತೇನೆ. ನೀವು ಈ ಕಾಗದವನ್ನು ಮೊದಲು ವೈನಿಗೆ ಓದಿ ಹೇಳಿ. ಪಂಚಮಿಗೆ ಇನ್ನೂ ಒಂಬತ್ತು ದಿನ ಇದೆ.